ಒಳಗೆಷ್ಟು, ಹೊರಗೆಷ್ಟು

ಮಂಗನ ಕಾಯಿಲೆಗೆ ಮದ್ದಿಲ್ಲ ಎಂಬ ಮಾತನ್ನು ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಕೇಳದವರಿಲ್ಲ. ಮಾತು ನಿಜ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಕಾಡಂಚಿನ ಹಳ್ಳಿಗಳವರು ಜ್ವರ ಹಿಡಿದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಬಂದು ರೋಗಾಣುವನ್ನು ಬೇರ್ಪಡಿಸಿತು. ಸಾಗರದಲ್ಲೇ ಕ್ಷೇತ್ರ ಕೇಂದ್ರ ತೆರೆದು ಉಣುಗು, ಮಂಗ, ಇಲಿ, ಹಕ್ಕಿ ಎಲ್ಲವನ್ನೂ ವರ್ಷಗಟ್ಟಲೆ ತಡಕಾಡಿದರು. ರೋಗ ಹರಡುವ ದಾರಿ ಹಾಗೆ ತಿಳಿಯಿತು. ವೈರಸ್ಸನ್ನು ಕೊಲ್ಲುವ ಔಷಧ ಮಾತ್ರ ಇವತ್ತಿಗೂ ಕೈಗೆ ಬಂದಿಲ್ಲ. 1990ರಿಂದ ಕೊಡುತ್ತಿದ್ದ ಲಸಿಕೆಯ ಬಲ ಕುಗ್ಗಿದ್ದರಿಂದ 2022ರಲ್ಲಿ ಅದೂ ನಿಂತಿತು. ಹೊಸ ಲಸಿಕೆಯ ಕೆಲಸ ನಡೆಯುತ್ತಿದೆ.

ಹಾಗಿದ್ದೂ ಈ ರೋಗ ತಗುಲಿದ ನೂರು ಮಂದಿಯಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿ ಎದ್ದು ಮನೆಗೆ ಹೋಗುತ್ತಾರೆ. ಮದ್ದಿಲ್ಲದ ರೋಗದಿಂದ ಇವರು ಪಾರಾಗುವುದು ಹೇಗೆ? ವೈರಸ್ಸಿನ ಜೊತೆ ಹೊಡೆದಾಡುವುದು ಅವರ ದೇಹವೇ. ಆದರೆ ಆ ಹೊಡೆದಾಟ ಮುಗಿಯುವ ತನಕ, ಅಂದರೆ ವಾರವೋ ಹತ್ತು ಹನ್ನೆರಡು ದಿನವೋ, ರಕ್ತದಲ್ಲಿ ನೀರು ಬತ್ತದಂತೆ, ಉಪ್ಪಿನ ಹದ ಕೆಡದಂತೆ, ರಕ್ತಸ್ರಾವ ಕಣ್ತಪ್ಪದಂತೆ ಯಾರಾದರೂ ಕಾಯಬೇಕು. ಡಾಕ್ಟರು ದಿನಕ್ಕೆ ಎರಡು ಸಲ ಬಂದು ನೋಡಿ, ಏನೇನು ಮಾಡಬೇಕೆಂದು ಬರೆದು ಹೋಗುತ್ತಾರೆ. ಉಳಿದ ಹೊತ್ತೆಲ್ಲ ಕಾಯುವವರು ನರ್ಸ್‌ಗಳು. ಸರ್ಕಾರಿ ಕಡತದಲ್ಲಿ ಅವರೀಗ ಶುಶ್ರೂಷಾಧಿಕಾರಿಗಳು. ವಾರ್ಡಿನಲ್ಲಿ ಎಲ್ಲರಿಗೂ ಸಿಸ್ಟರ್. ಮಂಗನ ಕಾಯಿಲೆಯ ವಾರ್ಡಿನಲ್ಲಿ ಮದ್ದಿನ ಜಾಗದಲ್ಲಿ ಇರುವುದು ಅವರ ಆರೈಕೆ. ಈ ರೋಗದ ಬಗ್ಗೆ ಉಣುಗಿನಿಂದ ಹಿಡಿದು ಲಸಿಕೆಯ ತನಕ ನಾವು ಬೇಕಾದಷ್ಟು ಬರೆದಿದ್ದೇವೆ, ಓದಿದ್ದೇವೆ. ಮಂಚದ ಪಕ್ಕದ ಈ ಕೆಲಸದ ಬಗ್ಗೆ ಬರೆದದ್ದು ತೀರಾ ಕಡಿಮೆ.

ಕೆಲಸದ ನಡುಮಧ್ಯೆ ಇರುವುದು ಒಂದು ಹಾಳೆ. ರೋಗಿಯ ಫೈಲಿಗೆ ಕ್ಲಿಪ್ ಹಾಕಿರುವ ಇನ್‌ಟೇಕ್-ಔಟ್‌ಪುಟ್ ಚಾರ್ಟು. ನರ್ಸ್‌ಗಳ ಬಾಯಲ್ಲಿ ಅದು ಐ-ಒ ಚಾರ್ಟ್. ಅಡಿಕೆ ಮಂಡಿಯ ಜಮಾಖರ್ಚಿನ ಪುಸ್ತಕದ ಹಾಗೆ ಅದಕ್ಕೆ ಎರಡು ಬದಿ. ಒಂದು ಬದಿಯಲ್ಲಿ ಒಳಗೆ ಹೋದದ್ದು: ಕುಡಿದ ನೀರು, ಗಂಜಿ, ಎಳನೀರು, ರಕ್ತನಾಳಕ್ಕೆ ಬಿಟ್ಟ ದ್ರವ, ಕೊಟ್ಟಿದ್ದರೆ ಪ್ಲೇಟ್‌ಲೆಟ್ ಚೀಲ. ಇನ್ನೊಂದು ಬದಿಯಲ್ಲಿ ಹೊರಗೆ ಬಂದದ್ದು: ಮೂತ್ರ, ವಾಂತಿ, ಭೇದಿ, ಮೂಗಿನಿಂದಲೋ ಒಸಡಿನಿಂದಲೋ ಸುರಿದ ರಕ್ತ. ಎಲ್ಲವೂ ಮಿಲಿಲೀಟರ್ ಲೆಕ್ಕದಲ್ಲಿ, ಎದುರಿಗೆ ಗಂಟೆ ಬರೆದು. ಅಳೆಯಲಾಗದ ಖರ್ಚೂ ಒಂದಿದೆ. ಜ್ವರವಿಲ್ಲದ ದಿನವೂ ಉಸಿರು ಮತ್ತು ಚರ್ಮದ ಮೂಲಕ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರು ನೀರು ಕಾಣದಂತೆ ಹೋಗುತ್ತದೆ. ಜ್ವರ ಒಂದೊಂದು ಡಿಗ್ರಿ ಏರಿದಂತೆ ಈ ನಷ್ಟವೂ ಏರುತ್ತದೆ. ಮೈ ಸುಡುವ ರೋಗಿ ವಾಂತಿ ಮಾಡದೆ ಸುಮ್ಮನೆ ಮಲಗಿದ್ದರೂ ಒಣಗುತ್ತಲೇ ಇರುತ್ತಾನೆ ಎಂಬುದನ್ನು ಮನದಲ್ಲಿಟ್ಟುಕೊಂಡೇ ಸಿಸ್ಟರ್ ಕೂಡಿ ಕಳೆಯಬೇಕು.

ಮಂಗನ ಕಾಯಿಲೆ ಶುರುವಾಗುವ ರೀತಿಯೇ ಅಂಥದ್ದು. ಉಣುಗು ಕಚ್ಚಿ ಮೂರರಿಂದ ಎಂಟು ದಿನದೊಳಗೆ ಒಮ್ಮೆಲೇ ಚಳಿಜ್ವರ, ಹಣೆ ಸಿಡಿಯುವ ತಲೆನೋವು, ಸೊಂಟ ಮತ್ತು ಮೀನಖಂಡ ಹಿಂಡಿದಂಥ ನೋವು, ಕೆಂಪಾದ ಕಣ್ಣು. ಮೂರು ನಾಲ್ಕು ದಿನಕ್ಕೆ ವಾಂತಿ, ಭೇದಿ. ಕೆಲವರಲ್ಲಿ ಒಸಡು, ಮೂಗು, ಕರುಳಿನಿಂದ ರಕ್ತ. ರಕ್ತದೊತ್ತಡ ಇಳಿಯುತ್ತದೆ, ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡೂ ತಗ್ಗುತ್ತವೆ. ರೋಗದ ಕಾಲ ಡಿಸೆಂಬರಿನಿಂದ ಮೇ ತನಕ. ಅಡಿಕೆ ಕೊಯ್ಲು ನಡೆಯುವ, ಸೊಪ್ಪಿನಬೆಟ್ಟದಲ್ಲಿ ತರಗೆಲೆ ಗುಡಿಸುವ, ಮಳೆಗಾಲಕ್ಕೆ ಸೌದೆ ಕೂಡಿಡುವ ತಿಂಗಳುಗಳೂ ಇವೇ. ಹಾಗಾಗಿ ಈ ವಾರ್ಡಿಗೆ ಬರುವವರಲ್ಲಿ ಹೆಚ್ಚಿನವರು ಮೈಮುರಿದು ದುಡಿಯುವವರು. ಜ್ವರ ಬಂದರೂ ಎರಡು ದಿನ ತೋಟಕ್ಕೆ ಹೋಗಿ, ಪೇಟೆಯ ಅಂಗಡಿಯಿಂದ ನೋವಿನ ಮಾತ್ರೆ ತರಿಸಿ ನುಂಗಿ, ಮೂರನೆಯ ದಿನ ಕಾಲು ನೆಲಕ್ಕೂರದೆ ಜೀಪು ಹತ್ತಿದವರು. ಆಸ್ಪತ್ರೆಗೆ ಬರುವ ಹೊತ್ತಿಗೆ ಮೈಯಲ್ಲಿ ನೀರಿನ ಬಾಕಿ ಬೆಳೆದಿರುತ್ತದೆ.

ಬಂದವರ ಮೈಯಲ್ಲಿ ನೀರು ಎಷ್ಟು ಕಡಿಮೆಯಾಗಿದೆ ಎಂದು ತಿಳಿಯುವುದು ಸುಲಭವಲ್ಲ. ನಾಲಿಗೆ ಒಣಗಿದೆಯೇ, ಕಣ್ಣು ಗುಳಿ ಬಿದ್ದಿದೆಯೇ, ಉಗುರನ್ನು ಒತ್ತಿ ಬಿಟ್ಟರೆ ಕೆಂಪು ಎರಡು ಸೆಕೆಂಡಿನೊಳಗೆ ಮರಳುತ್ತದೆಯೇ ಎಂದು ನೋಡುತ್ತಾರೆ. ಚರ್ಮ ಚಿವುಟಿ ಬಿಟ್ಟಾಗ ನೆರಿಗೆ ಹಾಗೇ ನಿಂತರೆ ನೀರು ಕಡಿಮೆ ಎಂದು ಪಾಠದಲ್ಲಿದೆ. ಆದರೆ ಎಪ್ಪತ್ತು ದಾಟಿದವರ ಮುಂಗೈ ಚರ್ಮ ಹೇಗೂ ಸಡಿಲ. ಅನುಭವಸ್ಥ ನರ್ಸ್ ಅಲ್ಲಿ ಚಿವುಟುವುದಿಲ್ಲ, ಎದೆಯ ಮೂಳೆಯ ಮೇಲೋ ಹಣೆಯಲ್ಲೋ ನೋಡುತ್ತಾಳೆ. ನಾಡಿಯನ್ನೂ ಪೂರ್ತಿ ನಂಬುವಂತಿಲ್ಲ. ನೀರು ಕಡಿಮೆಯಾದಾಗ, ರಕ್ತ ಹೋದಾಗ ನಾಡಿ ಓಡಬೇಕು. ಮಂಗನ ಕಾಯಿಲೆಯಲ್ಲಿ ಜ್ವರ ಏರಿದ್ದರೂ ನಾಡಿ ನಿಧಾನವಾಗಿಯೇ ಇರುವುದುಂಟು. ಬೇರೆ ಜ್ವರಗಳಲ್ಲಿ ಎಚ್ಚರಿಕೆ ಕೊಡುವ ಗುರುತು ಇಲ್ಲಿ ಸುಮ್ಮನಿರಬಹುದು. ಆಗ ಉಳಿಯುವ ಸಾಕ್ಷಿಗಳು ರಕ್ತದೊತ್ತಡ, ತೂಕ, ಮೂತ್ರ.

ಮೂತ್ರದ ಲೆಕ್ಕ ಸರಳವಾದದ್ದು. ದೊಡ್ಡವರಿಗೆ ತೂಕದ ಪ್ರತಿ ಕಿಲೋಗೆ ಗಂಟೆಗೆ ಅರ್ಧ ಮಿಲಿಲೀಟರಾದರೂ ಮೂತ್ರ ಬರಬೇಕು. ಐವತ್ತು ಕಿಲೋದವರಿಗೆ ಗಂಟೆಗೆ 25 ಮಿಲಿಲೀಟರು, ದಿನಕ್ಕೆ 600. ಅದಕ್ಕಿಂತ ತಗ್ಗಿದರೆ ಮೂತ್ರಪಿಂಡಕ್ಕೆ ರಕ್ತ ಸಾಲುತ್ತಿಲ್ಲ ಎಂದು ಅರ್ಥ. ಸಿಸ್ಟರ್ ಡಾಕ್ಟರಿಗೆ ಫೋನ್ ಮಾಡಬೇಕು, ನಡುರಾತ್ರಿಯಾದರೂ ಸರಿ. ಲೆಕ್ಕ ಸರಳವಾದರೂ ಅಳತೆ ಕಷ್ಟ, ಅದಕ್ಕೆ ಕಾರಣ ನಮ್ಮ ಸಂಕೋಚ. ಅಪ್ಪನ ಮೂತ್ರವನ್ನು ಪಾತ್ರೆಯಲ್ಲಿ ಹಿಡಿದಿಟ್ಟು ಇನ್ನೊಬ್ಬರಿಗೆ ತೋರಿಸುವುದೆಂದರೆ ಮನೆಯವರಿಗೆ ನಾಚಿಕೆ. ಸಿಸ್ಟರ್ ಬರುವ ಮೊದಲೇ ಚೆಲ್ಲಿ ತೊಳೆದಿಟ್ಟು, ಶುಚಿ ಮಾಡಿದೆವೆಂದು ಸಮಾಧಾನಪಡುತ್ತಾರೆ. ವಾಂತಿಯ ಬೇಸಿನ್ನೂ ಹಾಗೆಯೇ. ‘ಚೆಲ್ಲಬೇಡಿ ಅಮ್ಮ, ನನ್ನ ಕರೀರಿ, ನಾನು ಅಳೀತೀನಿ’ ಎಂದು ಒಂದೇ ಮಾತನ್ನು ಮಂಚದಿಂದ ಮಂಚಕ್ಕೆ ಹೇಳುತ್ತಾ ಹೋಗುವುದು ಶುಶ್ರೂಷೆಯ ದೊಡ್ಡ ಭಾಗ. ರೋಗಿಯ ಕಡೆಯವರು ಈ ಒಂದು ವಿಷಯದಲ್ಲಿ ಸಂಕೋಚ ಬಿಟ್ಟರೆ ಎಷ್ಟು ಉಪಕಾರವಾಗುತ್ತದೆಂದು ಅವರಿಗೆ ತಿಳಿದಿರುವುದಿಲ್ಲ. ಚೆಲ್ಲಿಹೋದ ಒಂದು ಲೋಟ ಲೆಕ್ಕಕ್ಕೆ ಬರದಿದ್ದರೆ ಆ ದಿನದ ಚಾರ್ಟೇ ಸುಳ್ಳು.

ತೂಕ ಇನ್ನೂ ನೇರ. ಬೆಳಿಗ್ಗೆ ಅದೇ ಹೊತ್ತಿಗೆ, ಅದೇ ತಕ್ಕಡಿಯಲ್ಲಿ, ಅಷ್ಟೇ ಬಟ್ಟೆಯಲ್ಲಿ ನೋಡಬೇಕು. ಒಂದು ರಾತ್ರಿಯಲ್ಲಿ ಒಂದು ಕಿಲೋ ಏರಿದರೆ ಅದು ಕೊಬ್ಬಲ್ಲ, ಮಾಂಸವಲ್ಲ, ಒಂದು ಲೀಟರು ನೀರು. ಇಳಿದರೂ ಅಷ್ಟೇ.

ಬಾಟ್ಲಿಯ ಮೇಲಿನ ನಂಬಿಕೆ

ನಮ್ಮ ಊರುಗಳಲ್ಲಿ ಡ್ರಿಪ್ಸ್ ಎಂದರೆ ಒಂದು ಭಕ್ತಿಯೇ ಇದೆ. ಸುಸ್ತಾದವರು, ಜ್ವರ ಬಂದವರು, ಎರಡು ಹೊತ್ತು ಊಟ ಬಿಟ್ಟವರು ‘ಒಂದು ಬಾಟ್ಲಿ ಹಾಕ್ಸ್ಕೊಂಡು ಬಂದೆ, ಈಗ ಅಡ್ಡಿಲ್ಲ’ ಎನ್ನುವುದನ್ನು ಬಸ್‌ಸ್ಟ್ಯಾಂಡಿನಲ್ಲೂ ಕೇಳಬಹುದು. ಬಾಟ್ಲಿ ಯಾವುದೆಂದು ಕೇಳಿದರೆ ಗ್ಲೂಕೋಸ್ ಎನ್ನುತ್ತಾರೆ. ಎಲ್ಲವೂ ಗ್ಲೂಕೋಸಲ್ಲ, ಎಲ್ಲವೂ ಒಂದೇ ಕೆಲಸ ಮಾಡುವುದೂ ಇಲ್ಲ. ಶೇಕಡಾ 5ರ ಡೆಕ್ಸ್‌ಟ್ರೋಸಿನ ಅರ್ಧ ಲೀಟರು ಬಾಟಲಿಯಲ್ಲಿ 25 ಗ್ರಾಂ ಗ್ಲೂಕೋಸ್ ಇರುತ್ತದೆ, ಹೆಚ್ಚುಕಡಿಮೆ 100 ಕ್ಯಾಲರಿ. ದೇಹ ಆ ಸಕ್ಕರೆಯನ್ನು ಬಳಸಿಕೊಂಡ ಮೇಲೆ ಉಳಿಯುವುದು ಬರೀ ನೀರು. ಅದು ರಕ್ತನಾಳದಲ್ಲಿ ನಿಲ್ಲದೆ ಜೀವಕೋಶಗಳ ಒಳಗೆಲ್ಲ ಹಂಚಿಹೋಗುತ್ತದೆ. ಸೋಡಿಯಂ ಆಗಲೇ ಕಡಿಮೆಯಿರುವವರಿಗೆ ಅದನ್ನು ಸುರಿದರೆ ಸೋಡಿಯಂ ಇನ್ನೂ ಇಳಿಯುತ್ತದೆ. ನಾರ್ಮಲ್ ಸಲೈನಿನಲ್ಲಿ ನೂರು ಮಿಲಿಲೀಟರಿಗೆ 0.9 ಗ್ರಾಂ ಉಪ್ಪು, ಅಂದರೆ ಅರ್ಧ ಲೀಟರಿಗೆ ನಾಲ್ಕೂವರೆ ಗ್ರಾಂ. ರಿಂಗರ್ ಲ್ಯಾಕ್ಟೇಟಿನಲ್ಲಿ ಸೋಡಿಯಂ ಜೊತೆಗೆ ಅಷ್ಟಿಷ್ಟು ಪೊಟ್ಯಾಸಿಯಂ, ಕ್ಯಾಲ್ಸಿಯಂ ಇದೆ. ಕುಸಿದ ರಕ್ತದೊತ್ತಡ ಎತ್ತಲು ಬೇಕಾದದ್ದು ಈ ಎರಡು ಬಗೆಯವು.

ಉಪ್ಪುನೀರನ್ನು ರಕ್ತನಾಳಕ್ಕೆ ಬಿಡುವ ಯೋಚನೆ ಬಂದದ್ದೇ ಕಾಲರಾದಿಂದ. 1832ರಲ್ಲಿ ಸ್ಕಾಟ್ಲೆಂಡಿನ ಲೀತ್ ಊರಿನ ಥಾಮಸ್ ಲಾಟಾ ಎಂಬ ವೈದ್ಯ ಸಾಯುವ ಸ್ಥಿತಿಯ ಕಾಲರಾ ರೋಗಿಗಳಿಗೆ ಹಾಗೆ ಮಾಡಿ ಕೆಲವರನ್ನು ಎಬ್ಬಿಸಿದ. ಬಾಯಿಯ ಮೂಲಕವೇ ಆ ಕೆಲಸ ಆಗುತ್ತದೆಂದು ದೊಡ್ಡ ಪ್ರಮಾಣದಲ್ಲಿ ತೋರಿಸಿದ್ದು ನಮ್ಮ ದೇಶದ ದಿಲೀಪ್ ಮಹಲನಬಿಸ್. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಬಂಗಾಳದ ಬನಗಾಂವ್‌ನಲ್ಲಿ ಸಲೈನ್ ಮುಗಿದುಹೋದಾಗ ಅವರು ಉಪ್ಪು, ಸಕ್ಕರೆ, ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ಇರಿಸಿ ಕುಡಿಸಿದರು. ಕುಡಿಸಿದವರಲ್ಲಿ ಹೆಚ್ಚಿನವರು ರೋಗಿಗಳ ಮನೆಯವರೇ. ಈಗಿನ ಓಆರ್‌ಎಸ್ ಪೊಟ್ಟಣದಲ್ಲಿ ಒಂದು ಲೀಟರು ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರುತ್ತದೆ. ಗ್ಲೂಕೋಸ್ ಇರುವುದು ರುಚಿಗಾಗಿ ಅಲ್ಲ. ಕರುಳು ಗ್ಲೂಕೋಸನ್ನು ಹೀರುವಾಗ ಸೋಡಿಯಂ ಜೊತೆಗೂಡಿಯೇ ಹೀರುತ್ತದೆ, ಅವೆರಡರ ಹಿಂದೆ ನೀರು ಹೋಗುತ್ತದೆ. ಪೊಟ್ಟಣವನ್ನು ಅರ್ಧ ಲೀಟರಿಗೆ ಕದಡಿದರೆ, ಅಥವಾ ಚಿಟಿಕೆಚಿಟಿಕೆ ಹಾಕಿ ಕುಡಿಸಿದರೆ ಈ ಲೆಕ್ಕ ಕೆಡುತ್ತದೆ. ವಾಂತಿ ಆಗುತ್ತಿರುವವರಿಗೆ ಲೋಟ ಎತ್ತಿ ಕೊಡದೆ ಚಮಚದಲ್ಲಿ ಎರಡು ಮೂರು ನಿಮಿಷಕ್ಕೊಮ್ಮೆ ಕೊಟ್ಟರೆ ಹೆಚ್ಚಿನದು ಹೊಟ್ಟೆಯಲ್ಲಿ ನಿಲ್ಲುತ್ತದೆ. ಅಷ್ಟು ತಾಳ್ಮೆಯಿಂದ ಪಕ್ಕದಲ್ಲಿ ಕೂರುವವರು ಇದ್ದರೆ ಎಷ್ಟೋ ಮಂದಿಗೆ ಸೂಜಿಯೇ ಬೇಡ.

ಬೇಕಾದವರಿಗೆ ಬಾಟಲಿ ಏರಿಸಿದ ಮೇಲೆ ನಿಜವಾದ ಕೆಲಸ ಶುರು. ಅರ್ಧ ಲೀಟರು ನಾಲ್ಕು ಗಂಟೆಯಲ್ಲಿ ಹೋಗಲಿ ಎಂದು ಡಾಕ್ಟರು ಬರೆದಿದ್ದಾರೆನ್ನಿ. ಗಂಟೆಗೆ 125 ಮಿಲಿಲೀಟರಾಯಿತು. ಇಪ್ಪತ್ತು ಹನಿಗೆ ಒಂದು ಮಿಲಿಲೀಟರು ಬೀಳುವ ಸೆಟ್ಟಿನಲ್ಲಿ ನಿಮಿಷಕ್ಕೆ 42 ಹನಿ. ಪಂಪು ಇಲ್ಲದ ವಾರ್ಡಿನಲ್ಲಿ ಸಿಸ್ಟರ್ ಗಡಿಯಾರ ನೋಡುತ್ತಾ ಹನಿ ಎಣಿಸಿ ಚಕ್ರ ತಿರುಗಿಸುತ್ತಾಳೆ. ರೋಗಿ ಕೈ ಮಡಚಿದರೆ ಹನಿ ನಿಲ್ಲುತ್ತದೆ, ಕೈ ಚಾಚಿದರೆ ಓಡುತ್ತದೆ. ಬೇಗ ಮುಗಿಯಲಿ, ಮನೆಗೆ ಹೋಗೋಣ ಎಂದು ಕಡೆಯವರೇ ಚಕ್ರ ತಿರುವುವುದೂ ಇದೆ. ಅದು ಅಪಾಯ. ಮಂಗನ ಕಾಯಿಲೆಯಲ್ಲಿ ಶ್ವಾಸಕೋಶಕ್ಕೂ ಪೆಟ್ಟು ಬೀಳುತ್ತದೆ. ಡೆಂಗಿಯಲ್ಲಿ ರಕ್ತನಾಳ ಸೋರಿ ನೀರು ಎದೆಗೂಡಿನಲ್ಲಿ, ಹೊಟ್ಟೆಯಲ್ಲಿ ನಿಲ್ಲುತ್ತದೆ, ಎರಡು ಮೂರು ದಿನಕ್ಕೆ ಅದೇ ನೀರು ರಕ್ತಕ್ಕೆ ಮರಳುತ್ತದೆ. ಅಂಥ ಹೊತ್ತಿನಲ್ಲಿ ಹೆಚ್ಚುವರಿ ಒಂದು ಬಾಟಲಿ ಉಸಿರು ಕಟ್ಟಿಸಬಲ್ಲದು. ಉಸಿರಿನ ವೇಗ ಎಣಿಸುವುದು, ದಿಂಬು ಎತ್ತರಿಸಿ ಕೂರಿಸುವುದು, ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಗೊರಗೊರ ಸದ್ದಿದೆಯೇ ಎಂದು ಕೇಳುವುದು, ಕಾಲಿನ ಬಾವು ಒತ್ತಿ ನೋಡುವುದು ಎಲ್ಲ ಇದಕ್ಕಾಗಿಯೇ. ನೀರು ಕೊಡುವ ಜಾಣ್ಮೆಯಷ್ಟೇ ನೀರು ನಿಲ್ಲಿಸುವ ಜಾಣ್ಮೆಯೂ ಬೇಕು. ಎರಡನೆಯದಕ್ಕೆ ಊರಿನಲ್ಲಿ ಮೆಚ್ಚುಗೆ ಸಿಗುವುದಿಲ್ಲ, ‘ಬಾಟ್ಲಿನೇ ಹಾಕ್ಲಿಲ್ಲ’ ಎಂಬ ದೂರು ಸಿಗುತ್ತದೆ.

ಪ್ಲೇಟ್‌ಲೆಟ್ ಇಳಿದವರ ಆರೈಕೆಯಲ್ಲಿ ಇನ್ನಷ್ಟು ನಾಜೂಕಿದೆ. ಸ್ನಾಯುವಿಗೆ ಇಂಜೆಕ್ಷನ್ ಬೇಡ. ರಕ್ತ ತೆಗೆದ ಜಾಗವನ್ನು ಐದು ನಿಮಿಷವಾದರೂ ಒತ್ತಿ ಹಿಡಿಯಬೇಕು. ಹಲ್ಲುಜ್ಜಲು ಮೆತ್ತನೆಯ ಬ್ರಷ್ಷು ಅಥವಾ ಒದ್ದೆ ಗಾಜ್ ಬಟ್ಟೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಆಸ್ಪಿರಿನ್, ಡೈಕ್ಲೋಫೆನಾಕ್ ಹತ್ತಿರ ಸುಳಿಯಬಾರದು. ಮಲ ಟಾರಿನ ಹಾಗೆ ಕಪ್ಪಾದರೆ ತಡಮಾಡದೆ ಹೇಳಬೇಕು. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡಿದ ದಾಖಲೆಯಿಲ್ಲ, ಇಷ್ಟು ವರ್ಷವಾದರೂ. ಊರಿನವರು ಈ ರೋಗಿಗಳ ಮನೆ ತುಳಿಯಲು ಹೆದರುವ ಕಾಲದಲ್ಲಿ ಸಿಸ್ಟರ್ ಅವರ ಬಾಯಿ ಒರೆಸಿ, ಮಗ್ಗುಲು ಬದಲಿಸಿ, ಕೂರಿಸಿ ಗಂಜಿ ಕುಡಿಸುವುದನ್ನು ಕಂಡ ಕಡೆಯವರ ಹೆದರಿಕೆ ತಾನಾಗಿ ಕರಗುತ್ತದೆ.

ಅಜ್ಜಿಗೆ ಸೋಡಿಯಂ ಕಮ್ಮಿ

ಉಣುಗಿನ ಕಾಲ ಮುಗಿದರೂ ಮಲೆನಾಡಿನ ವಾರ್ಡುಗಳಲ್ಲಿ ಉಪ್ಪಿನ ಲೆಕ್ಕ ಮುಗಿಯುವುದಿಲ್ಲ. ಮಕ್ಕಳು ಬೆಂಗಳೂರಿಗೆ ಹೋಗಿ, ಮನೆಯಲ್ಲಿ ಇಬ್ಬರೇ ಮುದುಕರು ಉಳಿದಿರುವ ತೋಟದ ಮನೆಗಳಲ್ಲಿ ‘ಸೋಡಿಯಂ ಕಮ್ಮಿ ಆಗಿತ್ತು’ ಎಂಬ ಮಾತು ಈಗ ಸಕ್ಕರೆ, ಬಿಪಿಯಷ್ಟೇ ಸಾಮಾನ್ಯ. ನಡೆಯುವುದು ಹೆಚ್ಚಾಗಿ ಹೀಗೆ. ಅಜ್ಜಿಗೆ ಬಿಪಿ ಮಾತ್ರೆ ಇದೆ, ಅದರಲ್ಲಿ ಮೂತ್ರ ಹೆಚ್ಚಿಸುವ ಥಯಜೈಡ್ ಬಗೆಯ ಔಷಧ ಸೇರಿದೆ. ಬಿಪಿ ಎಂದು ಉಪ್ಪು ಬಿಟ್ಟಿದ್ದಾಳೆ. ಹಲ್ಲಿಲ್ಲದ ಕಾರಣ ಊಟ ತೆಳ್ಳಗೆ. ನೀರು ಚೆನ್ನಾಗಿ ಕುಡಿಯಬೇಕೆಂದು ಯಾರೋ ಹೇಳಿದ್ದರಿಂದ ಚೊಂಬುಗಟ್ಟಲೆ ಕುಡಿಯುತ್ತಾಳೆ. ಅದರ ಮೇಲೆ ಎರಡು ದಿನ ವಾಂತಿಯೋ ಭೇದಿಯೋ ಆಯಿತು. ಮೊದಲು ಮಂಕು, ಊಟ ಬೇಡ, ನಡೆಯುವಾಗ ತೂರಾಟ. ಆಮೇಲೆ ಸತ್ತುಹೋದ ಅಣ್ಣ ಬಂದಿದ್ದಾನೆ, ಎಲೆ ಹಾಕಿ ಎನ್ನುತ್ತಾಳೆ. ಮನೆಯವರು ಅರಳುಮರಳು ಎಂದುಕೊಳ್ಳುತ್ತಾರೆ, ಕೆಲವು ಕಡೆ ನಿಮಿತ್ತ ಕೇಳಿಸುವುದೂ ಆಗುತ್ತದೆ. ಬಚ್ಚಲಲ್ಲಿ ಬಿದ್ದು ಸೊಂಟ ಮುರಿದಾಗಲೋ, ಫಿಟ್ಸ್ ಬಂದಾಗಲೋ ಆಸ್ಪತ್ರೆಗೆ ತರುತ್ತಾರೆ. ರಕ್ತ ನೋಡಿದರೆ ಸೋಡಿಯಂ 118. ಇರಬೇಕಾದದ್ದು 135ರಿಂದ 145.

ಇಂಥವರಿಗೆ ಸೋಡಿಯಂ ಕೊಟ್ಟುಬಿಟ್ಟರಾಯಿತಲ್ಲ ಎನಿಸುತ್ತದೆ. ಕೊಡುವ ವೇಗದಲ್ಲೇ ಕಂಟಕವಿದೆ. ದಿನಗಟ್ಟಲೆ ಕಡಿಮೆ ಸೋಡಿಯಂಗೆ ಹೊಂದಿಕೊಂಡ ಮಿದುಳು ಒಮ್ಮೆಲೇ ಏರಿದ ಸೋಡಿಯಮ್ಮನ್ನು ತಾಳುವುದಿಲ್ಲ. ನರತಂತುಗಳ ಹೊದಿಕೆ ಕಳಚಿ, ಕೆಲವು ದಿನದ ಮೇಲೆ ಮಾತು ನಿಂತು, ಕೈಕಾಲು ಸೋತುಹೋಗಬಹುದು. ಅದಕ್ಕೇ ಇಪ್ಪತ್ನಾಲ್ಕು ಗಂಟೆಯಲ್ಲಿ 8ರಿಂದ 10ಕ್ಕಿಂತ ಹೆಚ್ಚು ಏರಬಾರದೆಂಬ ಮಿತಿಯಿದೆ. ಫಿಟ್ಸ್ ಬಂದವರಿಗೆ ಶೇಕಡಾ 3ರ ಗಟ್ಟಿ ಸಲೈನನ್ನು ಅಳೆದು ಕೊಟ್ಟು, ಕೆಲವೇ ಗಂಟೆಗೊಮ್ಮೆ ರಕ್ತ ಪರೀಕ್ಷೆ ಮಾಡುತ್ತಾರೆ. ಪರೀಕ್ಷೆಗಳ ನಡುವೆ ನರ್ಸ್ ನೋಡುವ ಒಂದು ಗುರುತಿದೆ, ತುಂಬಾ ಮುಖ್ಯವಾದದ್ದು. ರೋಗಿಗೆ ಇದ್ದಕ್ಕಿದ್ದಂತೆ ತಿಳಿನೀರಿನಂಥ ಮೂತ್ರ ಧಾರಾಳವಾಗಿ ಹೋಗತೊಡಗಿದರೆ ದೇಹ ತಾನಾಗಿ ನೀರು ಹೊರಹಾಕುತ್ತಿದೆ, ಸೋಡಿಯಂ ಜಿಗಿಯಲಿದೆ ಎಂದು ಅರ್ಥ. ಮನೆಯವರಿಗೆ ಅದು ಒಳ್ಳೆಯ ಲಕ್ಷಣವಾಗಿ ಕಾಣುತ್ತದೆ. ಮೂತ್ರದ ಚೀಲ ಬೇಗಬೇಗ ತುಂಬುವುದನ್ನು ಕಂಡು ಕೂಡಲೇ ಡಾಕ್ಟರನ್ನು ಕರೆದ ಸಿಸ್ಟರ್ ಆ ಅಜ್ಜಿಯ ಮಾತನ್ನು, ನಡಿಗೆಯನ್ನು ಉಳಿಸಿರುತ್ತಾಳೆ. ಅದು ಯಾರ ಗಮನಕ್ಕೂ ಬರುವುದಿಲ್ಲ, ಏಕೆಂದರೆ ಏನೂ ಆಗಲಿಲ್ಲವಲ್ಲ.

ಸೋಡಿಯಂ ಇಳಿದವರಲ್ಲೇ ಇನ್ನು ಕೆಲವರಿಗೆ ಚಿಕಿತ್ಸೆ ತದ್ವಿರುದ್ಧ: ನೀರು ಕಡಿಮೆ ಮಾಡುವುದು. ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ಬೇಡ ಎಂದು ಬರೆದಿರುತ್ತಾರೆ. ಬಾಯಾರಿಕೆ ಎಂದು ಬೇಡುವ ತಾಯಿಗೆ ನೀರು ಕೊಡದಿರುವುದು ಯಾವ ಮಗಳಿಗೆ ಸಾಧ್ಯ? ರಾತ್ರಿ ಕದ್ದು ಕುಡಿಸುತ್ತಾರೆ. ಬೈದರೆ ಪ್ರಯೋಜನವಿಲ್ಲ. ಕೈಲಾಗುವ ಉಪಾಯ ಹೇಳಬೇಕು: ಲೀಟರನ್ನು ಬೆಳಿಗ್ಗೆಯೇ ಒಂದು ಬಾಟಲಿಗೆ ತುಂಬಿ ಇಡುವುದು, ಸಣ್ಣ ಲೋಟ ಬಳಸುವುದು, ಒದ್ದೆ ಗಾಜ್‌ನಿಂದ ಬಾಯಿ ಒರೆಸುವುದು, ತುಟಿಗೆ ಬೆಣ್ಣೆ ಸವರುವುದು, ಚಹಾವನ್ನೂ ಸಾರನ್ನೂ ಲೆಕ್ಕಕ್ಕೆ ಹಿಡಿಯುವುದು.

ಪೊಟ್ಯಾಸಿಯಂ ಸೋಡಿಯಂಗಿಂತ ಬಿಗಿ. ರಕ್ತದಲ್ಲಿ 3.5ರಿಂದ 5ರೊಳಗೆ ಇರಬೇಕು. ವಾಂತಿಭೇದಿಯಲ್ಲಿ ಅದು ಸೋರಿಹೋಗಿ ಕೈಕಾಲು ಬತ್ತಿದಂತಾಗುತ್ತದೆ, ಕರುಳು ಚಲಿಸದೆ ಹೊಟ್ಟೆ ಉಬ್ಬುತ್ತದೆ, ಹೃದಯದ ಬಡಿತ ತಪ್ಪುತ್ತದೆ. ಮೂತ್ರಪಿಂಡ ಸೋತವರಲ್ಲಿ ಏರಿ ಹೃದಯ ನಿಲ್ಲಿಸುತ್ತದೆ. ಇಲಿ ಜ್ವರದ ರೋಗಿಗಳಲ್ಲಂತೂ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದ್ದರೂ ಪೊಟ್ಯಾಸಿಯಂ ಕಡಿಮೆಯೇ ಇರಬಹುದು. ಊಹೆಗೆ ಇಲ್ಲಿ ಜಾಗವಿಲ್ಲ. ಪೊಟ್ಯಾಸಿಯಂ ಕ್ಲೋರೈಡ್ ಇಂಜೆಕ್ಷನನ್ನು ನೇರ ರಕ್ತನಾಳಕ್ಕೆ ಚುಚ್ಚಿದರೆ ನಿಮಿಷಗಳಲ್ಲಿ ಸಾವು. ಸಲೈನಿಗೆ ಬೆರೆಸಿ, ಬಾಟಲಿಯನ್ನು ಚೆನ್ನಾಗಿ ಮಗುಚಿ ಕಲಸಿ, ಕೈಯ ರಕ್ತನಾಳದಲ್ಲಾದರೆ ಸಾಮಾನ್ಯವಾಗಿ ಗಂಟೆಗೆ 10 ಮಿಲಿ ಈಕ್ವಿವಲೆಂಟ್ ಮೀರದಂತೆ, ಮೂತ್ರ ಬರುತ್ತಿದೆ ಎಂದು ಖಚಿತಪಡಿಸಿಕೊಂಡು ಕೊಡಬೇಕು. ಈ ಆಂಪ್ಯೂಲುಗಳನ್ನು ಉಳಿದವುಗಳ ಜೊತೆ ಬೆರೆಸದೆ ಬೇರೆ ಬೀಗದಲ್ಲಿಡುವ, ಇಬ್ಬರು ನರ್ಸ್‌ಗಳು ಓದಿ ಖಾತ್ರಿ ಮಾಡುವ ನಿಯಮ ಪ್ರಪಂಚದಲ್ಲೆಲ್ಲ ಬಂದಿರುವುದು ಇದಕ್ಕೇ.

ಎಳನೀರಿನ ವಿಷಯವನ್ನೂ ಇಲ್ಲೇ ಹೇಳಬೇಕು. ಎಳನೀರಿನಲ್ಲಿ ಪೊಟ್ಯಾಸಿಯಂ ಬಹಳ, ಸೋಡಿಯಂ ಬಹಳ ಕಡಿಮೆ. ಗಟ್ಟಿಮುಟ್ಟಾದ ಹರೆಯದವರಿಗೆ ಜ್ವರದಲ್ಲಿ ಒಳ್ಳೆಯದೇ. ಭೇದಿಯಲ್ಲಿ ಹೋದ ಉಪ್ಪನ್ನು ಅದೊಂದೇ ತುಂಬಿಕೊಡದು. ಮೂತ್ರಪಿಂಡದ ತೊಂದರೆಯಿರುವ, ಪೊಟ್ಯಾಸಿಯಂ ಏರಿಸುವ ಬಿಪಿ ಮಾತ್ರೆ ತಿನ್ನುವ ಹಿರಿಯರಿಗೆ ದಿನಕ್ಕೆ ನಾಲ್ಕು ಎಳನೀರು ಕುಡಿಸುವುದು ಪ್ರೀತಿಯಿಂದ ಮಾಡುವ ಅಪಾಯ. ನಮ್ಮ ಮನೆಗಳ ಗಂಜಿ ತಿಳಿ, ಉಪ್ಪು ಹಾಕಿದ ನೀರುಮಜ್ಜಿಗೆ ಇದಕ್ಕಿಂತ ಒಳ್ಳೆಯ ಜೊತೆಗಾರರು. ಅಕ್ಕಿಯ ಪಿಷ್ಟ ಕರುಳಿನಲ್ಲಿ ಒಡೆದು ಗ್ಲೂಕೋಸಾಗುತ್ತದೆ, ಉಪ್ಪು ಅದರ ಜೊತೆ ಒಳಸೇರುತ್ತದೆ. ಅಕ್ಕಿಯಿಂದ ಮಾಡಿದ ಓಆರ್‌ಎಸ್ ಕಾಲರಾದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆಂದು ಪ್ರಯೋಗಗಳು ತೋರಿಸಿವೆ. ಪೊಟ್ಟಣ ಸಿಗದಿದ್ದರೆ ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಆರು ಸಮ ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು.

ಘಟ್ಟ ಇಳಿಯುವ ಮುನ್ನ

2018ರ ಡಿಸೆಂಬರಿನಿಂದ 2019ರ ಬೇಸಿಗೆಯವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಮಂಗನ ಕಾಯಿಲೆ ಹಲವರ ಪ್ರಾಣ ತೆಗೆಯಿತು. ಶರಾವತಿ ಹಿನ್ನೀರಿನ ಆಚೆ ಈಚೆ ಚದುರಿದ ಮನೆಗಳಿಂದ ರೋಗಿಗಳನ್ನು ಸಾಗರಕ್ಕೆ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ, ಘಟ್ಟ ಇಳಿಸಿ ಮಣಿಪಾಲಕ್ಕೆ ಒಯ್ದರು. ಅದಕ್ಕೂ ಮುಂಚೆ 2013-14ರ ಹಂಗಾಮಿನಲ್ಲಿ ತೀರ್ಥಹಳ್ಳಿ ತಾಲ್ಲೂಕು ಇದನ್ನು ಅನುಭವಿಸಿತ್ತು. 2024ರ ಜನವರಿಯಲ್ಲಿ ಹೊಸನಗರ ತಾಲ್ಲೂಕು. ಪ್ರತಿ ಸಲವೂ ಚರ್ಚೆಯಾಗುವುದು ಲಸಿಕೆ, ಉಣುಗು ಹತ್ತದಂತೆ ಮೈಗೆ ಹಚ್ಚುವ ಎಣ್ಣೆ, ಪರಿಹಾರದ ಹಣ. ಅವೆಲ್ಲ ಬೇಕು. ಇವುಗಳ ಜೊತೆ ಇನ್ನೊಂದನ್ನು ಗಟ್ಟಿಯಾಗಿ ಕೇಳಬೇಕು ಎನಿಸುತ್ತದೆ: ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿಯೂ ಸೋಡಿಯಂ, ಪೊಟ್ಯಾಸಿಯಂ ನೋಡುವ ವ್ಯವಸ್ಥೆ, ಮತ್ತು ಆ ಸಂಖ್ಯೆಯನ್ನು ಓದಿ ನಡೆಯಲು ಸಾಕಷ್ಟು ನರ್ಸ್‌ಗಳು. ಒಬ್ಬಳೇ ಸಿಸ್ಟರ್ ಇಡೀ ವಾರ್ಡನ್ನು ನೋಡುತ್ತಾ, ನಡುವೆ ಹೆರಿಗೆಗೂ ಓಡುತ್ತಾ ಇದ್ದರೆ ಗಂಟೆಗೊಮ್ಮೆ ಮೂತ್ರ ಅಳೆಯುವುದು ಕಾಗದದ ಮೇಲಷ್ಟೇ ಉಳಿಯುತ್ತದೆ. ಅದು ಅವಳ ತಪ್ಪಲ್ಲ.

ಆಗುಂಬೆಯಾಗಲಿ ಹುಲಿಕಲ್ಲಾಗಲಿ, ಘಟ್ಟದ ತಿರುವುಗಳಲ್ಲಿ ಆಂಬುಲೆನ್ಸ್ ಇಳಿಯುವಾಗ ರೋಗಿಯ ಹನಿ ಎಣಿಸುವವರೂ ಬೇಕು. ಹೊರಡುವ ಮೊದಲು ರಕ್ತದೊತ್ತಡ ನೆಲೆಗೆ ತಂದಿರಬೇಕು, ಸೂಜಿ ಕಳಚದಂತೆ ಪಟ್ಟಿ ಬಿಗಿದಿರಬೇಕು, ಇವತ್ತಿನ ಚಾರ್ಟಿನ ಪ್ರತಿ ಜೊತೆಗಿರಬೇಕು. ಎಷ್ಟು ನೀರು ಹೋಗಿದೆ ಎಂದು ಗೊತ್ತಿಲ್ಲದೆ ದೊಡ್ಡಾಸ್ಪತ್ರೆಯಲ್ಲಿ ಮತ್ತೆ ಮೊದಲಿಂದ ಸುರಿಯತೊಡಗಿದರೆ ಇಲ್ಲಿ ಎರಡು ದಿನ ಹಿಡಿದ ಲೆಕ್ಕವೆಲ್ಲ ವ್ಯರ್ಥ.

ಮನೆಗೆ ಕಳಿಸುವ ದಿನದ ಮಾತೂ ಶುಶ್ರೂಷೆಯೇ, ಅವಸರದಲ್ಲಿ ಬಿಟ್ಟುಹೋಗುವುದೂ ಅದೇ. ಮಂಗನ ಕಾಯಿಲೆಯಲ್ಲಿ ನೂರಕ್ಕೆ ಹತ್ತಿಪ್ಪತ್ತು ಮಂದಿಗೆ ಜ್ವರ ಬಿಟ್ಟು ಒಂದೆರಡು ವಾರ ಆರಾಮಾದ ಮೇಲೆ ಎರಡನೆಯ ಸುತ್ತು ಬರುತ್ತದೆ. ಮತ್ತೆ ಜ್ವರ, ತೀವ್ರ ತಲೆನೋವು, ಕೈ ನಡುಕ, ತಲೆಸುತ್ತು, ಬುದ್ಧಿ ಮಂಕಾಗುವುದು. ಹಿರಿಯರಲ್ಲಿ ಈ ಮಂಕು ಮಿದುಳಿಗೆ ತಾಗಿದ ರೋಗದ್ದೋ, ಊಟ ಸೇರದೆ ಇಳಿದ ಸೋಡಿಯಂದೋ ಎಂದು ಮುಖ ನೋಡಿ ಹೇಳಲಾಗದು, ರಕ್ತವೇ ಹೇಳಬೇಕು. ಹಾಗಾಗಿ ಬಿಡುಗಡೆಯ ಚೀಟಿಯ ಮೇಲೆ ಅರ್ಥವಾಗುವ ಕನ್ನಡದಲ್ಲಿ ಇಷ್ಟು ಬರೆದು, ರೋಗಿಯ ಜೊತೆ ಮನೆಯಲ್ಲಿರುವವರಿಗೆ ಓದಿ ಹೇಳಿ, ಊರಿನ ಆಶಾ ಕಾರ್ಯಕರ್ತೆಗೂ ತಿಳಿಸಬೇಕು: ದಿನಕ್ಕೆ ಎಷ್ಟು ನೀರು, ಉಪ್ಪು ಬಿಡಬೇಕೋ ಬೇಡವೋ, ಎಳನೀರು ಆಗುತ್ತದೋ ಇಲ್ಲವೋ, ಮೂರು ವಾರದೊಳಗೆ ತಲೆನೋವು ಮರಳಿದರೆ ಎಲ್ಲಿಗೆ ಬರಬೇಕು. ಆಸ್ಪತ್ರೆಯಲ್ಲಿ ನಿಲ್ಲಿಸಿದ ಬಿಪಿ ಮಾತ್ರೆಯನ್ನು ಮನೆಯ ಡಬ್ಬಿಯಿಂದ ತಾವಾಗಿ ಮತ್ತೆ ಶುರು ಮಾಡಬಾರದು. ಒಂದು ವಾರಕ್ಕೆ ಬಂದು ಸೋಡಿಯಂ, ಪೊಟ್ಯಾಸಿಯಂ ನೋಡಿಸಿಕೊಂಡು, ಡಾಕ್ಟರು ಹೇಳಿದ ಮೇಲೆಯೇ ಅದನ್ನು ನುಂಗಬೇಕು.